ಚುನಾವಣೆಯಲ್ಲಿ ಸೋತವರೂ ಖರ್ಚಿನ ಲೆಕ್ಕ ಕೊಡಬೇಕೆಂದು ಗೊತ್ತಿರಲಿಲ್ಲ ಅಂದರೆ ನಡೆಯುತ್ತದಾ?

ವಿಧಾನಸಭಾ ಚುನಾವಣೆಯಲ್ಲಿ ಸೋತ ನಿಮ್ಮ ಭಾವನವರಿಗೆ ಖರ್ಚಿನ ಲೆಕ್ಕ ಕೊಟ್ಟಿಲ್ಲವೆಂದು ಚುನಾವಣಾ ಆಯೋಗದ ನೋಟಿಸ್ ಬಂದಿದೆ ಎಂದಿದ್ದೀರಿ. ಸೋತ ಮೇಲೆ ಲೆಕ್ಕ ಯಾಕೆ ಅಂದುಕೊಂಡಿದ್ದೇ ಅದಕ್ಕೆ ಕಾರಣವಿರಬೇಕು. ವಿಧಾನಸಭೆಗೆ ನಿಂತವರೆಲ್ಲ, ಠೇವಣಿ ಕಳೆದುಕೊಂಡವರೂ, ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಕೊಡಬೇಕು. ಕೊಡದಿದ್ದರೆ 1951ರ ಜನಪ್ರತಿನಿಧಿ ಕಾಯ್ದೆಯ 10ಎ ಸೆಕ್ಷನ್ ಕೇಳುವುದು ಸಮರ್ಪಕ ಕಾರಣ. ‘ಗೊತ್ತಿರಲಿಲ್ಲ’ ಎಂಬುದೊಂದನ್ನೇ ನೆಚ್ಚಿಕೊಳ್ಳಬೇಡಿ. ಆಸ್ಪತ್ರೆ ಸೇರಿದ್ದಂಥ ಕಾರಣವಿದ್ದರೆ ದಾಖಲೆ ಲಗತ್ತಿಸಿ.

ನೋಟಿಸ್ ಕೈಸೇರಿದ 20 ದಿನದೊಳಗೆ ಚುನಾವಣಾ ಆಯೋಗಕ್ಕೆ ಲಿಖಿತ ಉತ್ತರ ಹೋಗಬೇಕು. ಅದರ ಪ್ರತಿ, ಜೊತೆಗೆ ಪೂರ್ತಿ ಲೆಕ್ಕ, ಅದೇ ಹೊತ್ತಿಗೆ ಜಿಲ್ಲಾ ಚುನಾವಣಾಧಿಕಾರಿಗೆ. ಮೈಕು, ಕರಪತ್ರ, ಜೀಪಿನ ಬಾಡಿಗೆ ಎಲ್ಲಕ್ಕೂ ರಸೀದಿ ಬೇಕು. ಅಂಚೆ, ರೈಲು ಪ್ರಯಾಣದಂಥವಕ್ಕೆ ಮಾತ್ರ ವಿನಾಯಿತಿ. ಆಯೋಗ ಒಪ್ಪುತ್ತದೆಂಬ ಖಾತ್ರಿಯಿಲ್ಲ. ಒಪ್ಪದಿದ್ದರೆ ಆದೇಶದ ದಿನದಿಂದ 3 ವರ್ಷ ಚುನಾವಣೆಗೆ ನಿಲ್ಲಲು ಅನರ್ಹತೆ. ಕೊಟ್ಟಿದ್ದಕ್ಕೆ ಸ್ವೀಕೃತಿ ಪತ್ರ ಇಸಿದುಕೊಳ್ಳಿ.