ಗ್ಲೈಡರ್ ಎಳೆಯುವ ವಿಮಾನದ ಪ್ರೊಪೆಲ್ಲರ್ ಸದ್ದನ್ನು ತಗ್ಗಿಸುವುದು ಹೇಗೆ?

ಎಂಜಿನ್ ಇಲ್ಲದ ಗ್ಲೈಡರನ್ನು ಮೇಲಕ್ಕೆ ಎಳೆದೊಯ್ಯುವ ವಿಮಾನದಲ್ಲಿ ಎಂಜಿನ್ನಿಗಿಂತ ಪ್ರೊಪೆಲ್ಲರಿನ ತುದಿಯೇ ಹೆಚ್ಚು ಗದ್ದಲ ಮಾಡುತ್ತದೆ ಎಂಬುದು ನಿಜವೇ, ನಿಜವಾದರೆ ಅದನ್ನು ತಗ್ಗಿಸುವ ಬಗೆ ಯಾವುದು ಎಂದು ಕೊಪ್ಪಳದಿಂದ ಕೇಳಿದ್ದೀರಿ. ಪೂರ್ಣ ಶಕ್ತಿಯಲ್ಲಿ ಏರುವಾಗ ಇದು ಬಹುಮಟ್ಟಿಗೆ ನಿಜ. 2 ಮೀಟರ್ ವ್ಯಾಸದ ಪ್ರೊಪೆಲ್ಲರ್ ನಿಮಿಷಕ್ಕೆ 2,700 ಸುತ್ತು ತಿರುಗಿದರೆ ಅದರ ತುದಿ ಸೆಕೆಂಡಿಗೆ ಸುಮಾರು 283 ಮೀಟರ್ ವೇಗದಲ್ಲಿ ಗಾಳಿಯನ್ನು ಸೀಳುತ್ತದೆ; ಶಬ್ದದ ವೇಗವೇ ಸುಮಾರು 340 ಮೀಟರ್ ಆಗಿರುವುದರಿಂದ, ಆ ಮಿತಿಯ ಸಮೀಪಕ್ಕೆ ಹೋದಷ್ಟೂ ಸದ್ದು ಕಡಿದಾಗಿ ಏರುತ್ತದೆ. ಸುತ್ತನ್ನು 2,400ಕ್ಕೆ ಇಳಿಸಿದರೆ ತುದಿಯ ವೇಗ 251 ಮೀಟರಿಗೆ ಬರುತ್ತದೆ. ಆದರೆ ಎಳೆಯುವ ಬಲವೂ ಕುಗ್ಗುತ್ತದೆ. ಆದ್ದರಿಂದಲೇ ಜರ್ಮನಿಯ ಹಲವು ಗ್ಲೈಡಿಂಗ್ ಕ್ಲಬ್ಬುಗಳು ವ್ಯಾಸ ಕಿರಿದಾದ 4 ಅಲಗಿನ ಪ್ರೊಪೆಲ್ಲರನ್ನು ಬಳಸುತ್ತವೆ: ವ್ಯಾಸ ಕಿರಿದಾದರೆ ತುದಿಯ ವೇಗ ತಗ್ಗುತ್ತದೆ, ಅಲಗು ಹೆಚ್ಚಿದರೆ ಎಳೆಯುವ ಬಲ ಉಳಿಯುತ್ತದೆ. ಜೊತೆಗೆ ಎಂಜಿನ್ನಿಗೆ ಒಳ್ಳೆಯ ಸೈಲೆನ್ಸರ್ ಬೇಕೇ ಬೇಕು: ಗಂಗಾವತಿಯ ಗದ್ದೆಬದಿಯಲ್ಲಿ ಸೈಲೆನ್ಸರ್ ಕಳಚಿದ ಡೀಸೆಲ್ ಪಂಪ್‌ಸೆಟ್ಟಿನ ಅಬ್ಬರ ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ.

ನಮ್ಮ ಬೇಸಿಗೆಯದು ಇನ್ನೊಂದು ತೊಡಕು. 40 ಡಿಗ್ರಿ ಬಿಸಿಲಿನಲ್ಲಿ ಶಬ್ದದ ವೇಗ ಸುಮಾರು 355 ಮೀಟರಿಗೆ ಏರಿ ತುದಿಗೆ ತುಸು ಅನುಕೂಲವಾದರೂ, ಗಾಳಿ ತೆಳುವಾಗುವುದರಿಂದ ವಿಮಾನ ನಿಧಾನವಾಗಿ ಏರುತ್ತದೆ, ಊರಿನ ಮೇಲೆ ಹೆಚ್ಚು ಹೊತ್ತು ತಗ್ಗಿನಲ್ಲೇ ಹಾರುತ್ತದೆ. ಪ್ರೊಪೆಲ್ಲರ್ ಬದಲಿಸುವ ಮೊದಲು ಏರುವ ದಾರಿಯನ್ನು ಮನೆಗಳಿಂದ ಆಚೆಗೆ ಹೊರಳಿಸಿ ನೋಡುವುದು ಅಗ್ಗ.