ಜನವರಿಯಲ್ಲಿ ಹಕ್ಕಿ ನೋಡಲು ಹಿಮಾಲಯಕ್ಕೆ ಹೋಗಬಹುದೇ?

ಹಾಸನದವರು, ಬಿಸಿಲೆ ಕಾಡಿನಲ್ಲಿ ಹಕ್ಕಿ ನೋಡಿದ ಅಭ್ಯಾಸವಿದೆ, ಜನವರಿಯಲ್ಲಿ 8 ದಿನ ರಜೆ ಸಿಕ್ಕಿದೆ, ಉತ್ತರಾಖಂಡದ ಚೋಪ್ತಾಕ್ಕೆ ಹೋದರೆ ಹಿಮದ ಮೇಲೆ ಮೋನಾಲ್ ಎಂಬ ಬಣ್ಣಬಣ್ಣದ ಹಿಮಾಲಯದ ಹಕ್ಕಿ ಕಾಣುತ್ತದೆಯೇ, ಚಳಿಗೆ ಏನು ತಯಾರಿ ಬೇಕು ಎಂದು ಕೇಳಿದ್ದೀರಿ. ಖಂಡಿತ ಹೋಗಿ. ಆದರೆ ಹಿಮದ ನಡುವಿಗೆ ಹೋಗಿ ಕೂರಬೇಡಿ, ಅದರ ಅಂಚಿನಲ್ಲಿ ಓಡಾಡಿ.

ನಾನು ಚಿಕ್ಕಮಗಳೂರಿನ ಆಲ್ದೂರು ಕಡೆಯ ಕಾಫಿ ಬೆಳೆಗಾರ. ಅರೇಬಿಕಾ ಕುಯ್ಲು ಮುಗಿದು ರೋಬಸ್ಟಾ ಶುರುವಾಗುವ ನಡುವೆ ಸಿಗುವ ಬಿಡುವಿನಲ್ಲೇ ನನ್ನ ತಿರುಗಾಟ, ಹಾಗಾಗಿ ನಾನು ಕಂಡಿರುವುದೆಲ್ಲ ಚಳಿಗಾಲದ ಹಿಮಾಲಯ. ಅಲ್ಲಿನ ಹಕ್ಕಿಗೆ ಚಳಿಗಿಂತ ಹೊಟ್ಟೆಪಾಡೇ ದೊಡ್ಡ ಚಿಂತೆ. ಹಿಮ ನೆಲ ಮುಚ್ಚಿತೆಂದರೆ ಹುಳು, ಬೀಜ, ಗೆಡ್ಡೆ ಯಾವುದೂ ಕೊಕ್ಕಿಗೆ ಸಿಗುವುದಿಲ್ಲ. ಬೇಸಿಗೆಯನ್ನು ಎತ್ತರದ ಹುಲ್ಲುಗಾವಲುಗಳಲ್ಲಿ ಕಳೆದ ಹಕ್ಕಿಗಳು ಆಗ ಕಣಿವೆಗಿಳಿಯುತ್ತವೆ. ಇನ್ನು ಕೆಲವು ನೇರವಾಗಿ ನಮ್ಮ ಕಡೆಗೇ ಹೊರಡುತ್ತವೆ. ಕಾಫಿ ಗಿಡದ ಬುಡದ ತರಗೆಲೆ ಕೆದಕುತ್ತಾ ಬಾಲ ಅದುರಿಸುವ ಇಂಡಿಯನ್ ಬ್ಲೂ ರಾಬಿನ್, ನೆರಳಿನ ಮರಗಳಲ್ಲಿ ಕೂರುವ ನೀಲಿತಲೆಯ ಬಂಡೆಸಿಳ್ಳಾರ ಎರಡೂ ಹಿಮಾಲಯದಲ್ಲಿ ಮರಿ ಮಾಡುವಂಥವು. ಅವನ್ನು ಹುಡುಕಿಕೊಂಡು ಜನವರಿಯಲ್ಲಿ ಉತ್ತರಕ್ಕೆ ಹೋದರೆ ಅವು ನಿಮ್ಮ ಊರಿನಲ್ಲಿರುತ್ತವೆ!

ಮೋನಾಲ್ ಮಾತ್ರ ಅಷ್ಟು ದೂರ ಬರುವ ಜಾತಿಯಲ್ಲ. ಹಿಮ ಬಿದ್ದಂತೆಲ್ಲ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಬೇಸಿಗೆಯಲ್ಲಿ ಅದನ್ನು ಕಾಣಲು ಚೋಪ್ತಾದಿಂದ ಹತ್ತಿ ಹೋಗುವ ತುಂಗನಾಥದ ಮೇಲಿನ ಇಳಿಜಾರುಗಳನ್ನು ಏರಬೇಕು. ತುಂಗನಾಥ ದೇವಸ್ಥಾನವಿರುವುದು ಸುಮಾರು 3,680 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ 1,930. ಚಳಿಗಾಲದಲ್ಲಿ ಸುಮಾರು 2,700 ಮೀಟರಿನ ಚೋಪ್ತಾದ ಆಸುಪಾಸಿನಲ್ಲೇ ಅದು ಕಾಣಬಹುದು. ಬಾಗಿದ ಕೊಕ್ಕನ್ನು ಸಲಿಕೆಯಂತೆ ಬಳಸಿ ಹಿಮ ಸರಿಸುತ್ತದೆ, ಕೆಳಗಿನ ಮಣ್ಣನ್ನು ಅಗೆದು ಗೆಡ್ಡೆ ಎಳೆಯುತ್ತದೆ. ಬಿಳಿ ನೆಲದಲ್ಲಿ ಕಪ್ಪು ಮಣ್ಣಿನ ಹೊಸ ಗುಂಡಿಗಳು ಕಂಡರೆ ಅಲ್ಲೇ ನಿಲ್ಲಿ. ನೆರಳಿನಲ್ಲಿ ಗಂಡು ಬರೀ ಕಪ್ಪು ಮುದ್ದೆ. ಬಿಸಿಲು ಬಿದ್ದ ಕ್ಷಣ ಕತ್ತು ತಾಮ್ರ, ಬೆನ್ನು ಹಸಿರು, ನೇರಳೆ. ಹಾರಿದಾಗ ಬೆನ್ನಿನ ಬಿಳಿ ಮಚ್ಚೆಯೂ ದಾಲ್ಚಿನ್ನಿ ಬಣ್ಣದ ಬಾಲವೂ ಕಾಣುತ್ತವೆ. ಎಲ್ಲರೂ ಗಂಡಿನ ಫೋಟೋಗೆ ಮುಗಿಬೀಳುತ್ತಾರೆ. ಕಣ್ಣಿನ ಸುತ್ತ ನೀಲಿ ಚರ್ಮವಿರುವ ಕಂದು ಹೆಣ್ಣನ್ನೂ ಒಂದಿಷ್ಟು ನೋಡಿ.

ಚೋಪ್ತಾದಲ್ಲೇ ಎಲ್ಲ ದಿನ ಕಳೆಯಬೇಡಿ. ಊಖೀಮಠದ ಕಡೆ ಕೆಳಗೆ ಉಳಿದುಕೊಂಡು ಬೆಳಗ್ಗೆ ಮೇಲೆ ಹೋಗಿ ಬರುವುದು ನನಗೆ ಹೆಚ್ಚು ಇಷ್ಟ. ಹಕ್ಕಿ ಜಾತಿಗಳೂ ಅಲ್ಲೇ ಹೆಚ್ಚು, ಮೈಗೂ ಹಿತ, ಹಿಮಪಾತವಾಗಿ ರಸ್ತೆ ಮುಚ್ಚಿದರೂ ರಜೆ ಹಾಳಾಗುವುದಿಲ್ಲ. ಮಂದಾಕಿನಿ ನದಿಯ ದಂಡೆಯಲ್ಲಿ ಒಂದು ಬೆಳಗ್ಗೆ ಕಳೆಯಿರಿ. ಅಲ್ಲಿನ ಕಂದು ಡಿಪ್ಪರ್ ನೋಡಲು ಏನೂ ಇಲ್ಲದ ಚಾಕಲೇಟ್ ಬಣ್ಣದ ಹಕ್ಕಿ. ಕಲ್ಲಿನ ಮೇಲೆ ನಿಂತು ಮೊಣಕಾಲು ಕುಸಿಯುವ ಹಾಗೆ ಬಗ್ಗಿ ಬಗ್ಗಿ ಏಳುತ್ತದೆ, ಕೈಯಿಟ್ಟರೆ ಮರಗಟ್ಟುವ ನೀರಿಗೆ ಇದ್ದಕ್ಕಿದ್ದಂತೆ ಇಳಿದು ತಳದ ಕಲ್ಲುಗಳ ನಡುವೆ ಹುಳು ಹಿಡಿಯುತ್ತದೆ. ಮೋನಾಲ್ ಸಿಗದ ವರ್ಷವೂ ನನಗೆ ಬೇಸರವಾಗದಿರುವುದು ಈ ಹಕ್ಕಿಯಿಂದಲೇ.

ಮೋನಾಲ್ ಬಿಟ್ಟರೂ ಪರವಾಗಿಲ್ಲ, ಹೆಚ್ಚು ಜಾತಿ ನೋಡಬೇಕು ಎಂದರೆ ಉತ್ತರಾಖಂಡದ್ದೇ ಪೂರ್ವಭಾಗವಾದ ಕುಮಾವೂಂ ಕಡೆ ಹೋಗಿ: ಕಾಠಗೋದಾಮಿನವರೆಗೆ ರೈಲು, ಅಲ್ಲಿಂದ ಸಾತ್‌ತಾಲ್, ಪಂಗೋಟ್. 8 ದಿನದಲ್ಲಿ ಎರಡನ್ನೂ ಮಾಡಲು ಹೋದರೆ ಘಟ್ಟದ ರಸ್ತೆಯಲ್ಲೇ ಅರ್ಧ ರಜೆ ಮುಗಿಯುತ್ತದೆ.

ತಯಾರಿಗೆ ಬಂದರೆ, ದಪ್ಪ ಜಾಕೆಟ್ ಒಂದನ್ನೇ ನೆಚ್ಚಿಕೊಳ್ಳದೆ ತೆಳು ಬಟ್ಟೆಗಳನ್ನು ಪದರ ಪದರವಾಗಿ ಹಾಕಿ. ಕ್ಯಾಮೆರಾ ಬ್ಯಾಟರಿ ಚಳಿಗೆ ಬೇಗ ಸೋಲುತ್ತದೆ, ಒಳಜೇಬಿನಲ್ಲಿರಲಿ. ಹೊರಗಿನಿಂದ ಬೆಚ್ಚಗಿನ ಕೋಣೆಗೆ ಬರುವ ಮುನ್ನ ದುರ್ಬೀನು, ಕ್ಯಾಮೆರಾ ಎರಡನ್ನೂ ಚೀಲದೊಳಗೆ ಹಾಕಿ ಮುಚ್ಚಿ, ಇಲ್ಲದಿದ್ದರೆ ಗಾಜಿನ ಮೇಲೆಲ್ಲ ನೀರು ಕಟ್ಟುತ್ತದೆ. ಎತ್ತರದಲ್ಲಿ ತಲೆನೋವು, ವಾಕರಿಕೆ ಶುರುವಾದರೆ ಮತ್ತೆ ಮೇಲೇರುವ ಮಾತು ಬೇಡ. ಊಟಕ್ಕೆ ಹೆದರಬೇಡಿ, ಅಲ್ಲಿ ರಾಗಿ ರೊಟ್ಟಿ ಸಿಗುತ್ತದೆ; ಮುದ್ದೆ ಕೇಳಬೇಡಿ, ಅಷ್ಟೆ.

ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಚಳಿಗೆಂದು ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ತಂದುಕೊಟ್ಟರೆ ಮಲಗುವ ಮುನ್ನ ಹೊರಗಿಡಿಸಿ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿ ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ, ವಾಸನೆಯೂ ಬರುವುದಿಲ್ಲ. ಇನ್ನೊಂದು ಹೊದಿಕೆ ಕೇಳಿ ಪಡೆಯಿರಿ. ತುಂಗನಾಥದ ದಾರಿ ಜನವರಿಯಲ್ಲಿ ಹೆಪ್ಪುಗಟ್ಟಿ ಜಾರುತ್ತದೆ, ದೇವಸ್ಥಾನವೂ ಮುಚ್ಚಿರುತ್ತದೆ. ಸ್ಥಳೀಯ ಗೈಡ್ ಜೊತೆಗಿಲ್ಲದೆ ಅತ್ತ ಹೋಗಬೇಡಿ. ಆ ಗೈಡ್ ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಸಲು ಹೊರಟರೆ ಬೇಡವೆನ್ನಿ. ಹಿಮದಲ್ಲಿ ಹೊಟ್ಟೆ ಹೊರೆಯಲು ಹೆಣಗುವ ಹಕ್ಕಿಯನ್ನು ಸುಮ್ಮನೆ ಓಡಾಡಿಸಿ ಅದರ ಶಕ್ತಿ ಕಳೆಯುವುದು ನನಗೆ ಸರಿಕಾಣುವುದಿಲ್ಲ.