ಗೋಡೆಯ ಮೇಲಿನ ಬೆಳಕು, ಅದರ ಮುಂದಿನ ನೃತ್ಯ

ಸಮುದ್ರಮಟ್ಟದ ಏರಿಕೆಯನ್ನು ಕುರಿತ ಬಯಲು ನೃತ್ಯಕ್ಕೆ ಕಟ್ಟಡದ ಮೇಲೆ ಪ್ರೊಜೆಕ್ಟರಿನಿಂದ ದೃಶ್ಯಗಳನ್ನು ಮೂಡಿಸಿದರೆ, ಜನ ವಿಷಯವನ್ನು ಮರೆತು ಬೆಳಕಿನ ಬೆರಗನ್ನಷ್ಟೇ ನೋಡಿಯಾರೆ ಎಂದು ಕೇಳಿದ್ದೀರಿ. ಚಿತ್ರಗಳು ಹೆಚ್ಚಾದರೆ ಖಂಡಿತ ಹಾಗೆಯೇ ಆಗುತ್ತದೆ.

ಸ್ಕಾಟ್ಲೆಂಡಿನ ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲಿ ಫಿನ್‌ಲೆಂಡಿನ ಕಲಾವಿದರಾದ ಪೆಕ್ಕಾ ನೀಟ್ಟುವಿರ್ತಾ ಮತ್ತು ಟಿಮೊ ಅಹೊ 2018ರಲ್ಲಿ ರೂಪಿಸಿದ ಕೃತಿಯನ್ನು ಗಮನಿಸಿ: ಉಬ್ಬರದ ನೀರು ಏರಿದಾಗ ಸಂವೇದಕಗಳು ಬೆಳಗಿಸುವ ಕೆಲವು ಬೆಳಕಿನ ಗೆರೆಗಳು, ಮುಂದೆ ಸಮುದ್ರ ತಲುಪಬಹುದಾದ ಎತ್ತರವನ್ನು ಕಟ್ಟಡಗಳ ಗೋಡೆಯ ಮೇಲೆಯೇ ಗುರುತಿಸುತ್ತಿದ್ದವು. ಡಚ್ ಕಲಾವಿದ ಡಾನ್ ರೋಸೆಗಾರ್ಡೆ 2015ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಮ್ಯೂಸಿಯಂಪ್ಲೈನ್ ಬಯಲಿನಲ್ಲಿ ನೀಲಿ ಬೆಳಕಿನ ಅಲೆಗಳನ್ನು ಜನರ ತಲೆಯ ಮೇಲೆ ಹಾಯಿಸಿದಾಗ, ನೋಡುವವರು ತಾವೇ ನೀರಿನಡಿ ನಿಂತಂತಾಯಿತು. ಅಲ್ಲಿ ಅಂಕಿಅಂಶ ಬೇಕಾಗಲೇ ಇಲ್ಲ. ನಿಮಗೂ ಒಂದೇ ಗೆರೆ ಸಾಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಅದು ನಿಧಾನವಾಗಿ ಮೇಲೇರಲಿ. ನರ್ತಕರು ಮೊದಲು ನಡಿಗೆಯನ್ನು, ಬಳಿಕ ಕೈಗಳ ಬೀಸನ್ನು, ಕೊನೆಗೆ ಉಸಿರಾಟವನ್ನೂ ಅದಕ್ಕೆ ತಕ್ಕಂತೆ ಬದಲಿಸಲಿ.

ತಾಂತ್ರಿಕವಾಗಿ, ಚಿತ್ರದ ಅಗಲವೂ ಎತ್ತರವೂ ಇಮ್ಮಡಿಯಾದರೆ ಅದರ ಪ್ರಖರತೆ ಕಾಲುಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ತಿಳಿಬಣ್ಣದ ಗೋಡೆಯನ್ನು ಆರಿಸಿ, ಪೂರ್ತಿ ಕತ್ತಲಾದ ಮೇಲೆ ಆರಂಭಿಸಿ, ನರ್ತಕರಿಗೆ ಬದಿಯಿಂದ ಪ್ರತ್ಯೇಕ ಬೆಳಕು ಕೊಡಿ. ಪ್ರೊಜೆಕ್ಟರಿಗೆ ಅಡ್ಡಬಂದವರ ನೆರಳನ್ನು ತಪ್ಪಿಸಲು ಹೆಣಗಬೇಡಿ. ಗೆರೆಯ ಕೆಳಗೆ ಸಿಲುಕಿದ ಆ ನೆರಳುಗಳೇ ನಿಮ್ಮ ಮಾತನ್ನು ಅತ್ಯಂತ ನೇರವಾಗಿ ಹೇಳಬಲ್ಲವು.